ಸಿಸ್ಟರ್‌ಗೆ ಗೊತ್ತಿದ್ದದ್ದು ಡಾಕ್ಟರ್‌ಗೆ ತಲುಪಲಿಲ್ಲ

ಮಾನ್ಯ ಸಂಪಾದಕರೇ,

ನಾನು 28 ವರ್ಷ ಸರ್ಕಾರಿ ನರ್ಸ್ ಆಗಿದ್ದವಳು. ಹೆಚ್ಚು ಕಾಲ ಇದ್ದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ. ಈಗ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ ಅಂತ ಆಗಿದೆ. ಜನರ ಬಾಯಲ್ಲಿ ನಾವು ಸಿಸ್ಟರೇ. ಹಳ್ಳಿಗಳಲ್ಲಿ ಬಿಪಿ, ಶುಗರ್ ಹೆಚ್ಚುತ್ತಿದೆ ಅಂತ ಬರೆಯುವವರು ಡಾಕ್ಟರ್ ಇಲ್ಲ, ಮಾತ್ರೆ ಇಲ್ಲ ಅನ್ನುತ್ತಾರೆ. ಅದೂ ನಿಜವೇ. ಆದರೆ ಇರುವ ನರ್ಸ್‌ಗೆ ಏನು ಕೆಲಸ ಕೊಟ್ಟಿದ್ದೇವೆ ಅನ್ನುವ ಮಾತು ಬರುವುದೇ ಇಲ್ಲ. ಅದಕ್ಕೇ ಈ ಪತ್ರ.

ನಮ್ಮ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದರು. ಯಾವಾಗ ನೋಡಿದರೂ ಬಿಪಿ ಜಾಸ್ತಿ. ಡಾಕ್ಟರ್ ಮಾತ್ರೆ ಹೆಚ್ಚಿಸಿದರು, ಮುಂದಿನ ಸಲ ಇನ್ನೊಂದು ಸೇರಿಸಿದರು. ಅಜ್ಜಿ ಮಾತ್ರೆ ನುಂಗುತ್ತಿದ್ದದ್ದು ಎರಡು ದಿನಕ್ಕೊಂದು ಸಲ. ಅವರ ಊರಿಗೆ ಸರಿಯಾದ ಬಸ್ ಇಲ್ಲ, ಮಗ ಬೈಕಿನಲ್ಲಿ ಕರೆದುಕೊಂಡು ಬರುವ ತನಕ ಇದ್ದ ಮಾತ್ರೆ ಸಾಲಬೇಕಲ್ಲ, ಅದಕ್ಕೆ. ಇದು ನನಗೆ ಗೊತ್ತಿತ್ತು, ಬಿಪಿ ನೋಡುವಾಗ ಅವರೇ ಹೇಳಿದ್ದರು. ಆ ಊರಿನ ಆಶಾ ಕಾರ್ಯಕರ್ತೆಗೂ ಗೊತ್ತಿತ್ತು. ಡಾಕ್ಟರ್‌ಗೆ ಗೊತ್ತಿರಲಿಲ್ಲ. ಅವರು ಒಳ್ಳೆಯವರೇ, ಆದರೆ ಹೊರಗೆ ಅಷ್ಟು ಜನ ನಿಂತಿರುವಾಗ ಒಬ್ಬೊಬ್ಬರಿಗೆ ಎಷ್ಟು ನಿಮಿಷ ಸಿಗುತ್ತದೆ? ನಾನು ಚೀಟಿಯಲ್ಲಿ ಬಿಪಿ ಬರೆದು ಒಳಗೆ ಕಳಿಸುತ್ತಿದ್ದೆ, ಅಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ. ಕೊನೆಗೆ ಅಜ್ಜಿಗೆ ಲಕ್ವ ಹೊಡೆಯಿತು. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ನರ್ಸ್‌ಗೆ ಜವಾಬ್ದಾರಿ ಕೊಟ್ಟರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಡಾಕ್ಟರ್ ಬದಲು ತರಬೇತಿ ಪಡೆದ ನರ್ಸ್ ನೋಡಿದಾಗ ರೋಗಿಗಳ ಆರೋಗ್ಯ ಬಹುತೇಕ ಅಷ್ಟೇ ಚೆನ್ನಾಗಿತ್ತು, ಕೆಲವು ಕಡೆ ಸ್ವಲ್ಪ ಮೇಲೇ ಇತ್ತು. ನರ್ಸ್ ಒಬ್ಬೊಬ್ಬರ ಜೊತೆ ಹೆಚ್ಚು ಹೊತ್ತು ಕೂರುತ್ತಿದ್ದರು. ಆ ಅಧ್ಯಯನಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳವು, ನಿಜ.

ಆದರೆ ನಮ್ಮಲ್ಲೂ ಒಂದು ನಡೆದಿದೆ. ಎಂವೆಲ್‌ಕೇರ್ ಅಂತ ಅದರ ಹೆಸರು, ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದದ್ದು, ಫಲಿತಾಂಶ ಬಂದದ್ದು 2019ರಲ್ಲಿ. ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಆ್ಯಪ್ ಇರುವ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟರು. ಬಿಪಿ, ಶುಗರ್ ವಿವರ ಹಾಕಿದರೆ ಯಾವ ಚಿಕಿತ್ಸೆ ಅಂತ ಅದು ಡಾಕ್ಟರ್‌ಗೆ ಸಲಹೆ ಕೊಡುತ್ತಿತ್ತು. ಉಳಿದ ಕಡೆ ಟ್ಯಾಬ್ಲೆಟ್ ಇಲ್ಲ, ತರಬೇತಿ ಮಾತ್ರ. ಒಂದು ವರ್ಷ ಆದ ಮೇಲೆ ಎರಡೂ ಕಡೆ ಬಿಪಿ, ಶುಗರ್ ಇಳಿದಿತ್ತು, ಟ್ಯಾಬ್ಲೆಟ್ ಇದ್ದ ಕಡೆ ಜಾಸ್ತಿಯೇನೂ ಇಳಿದಿರಲಿಲ್ಲ! ನರ್ಸ್‌ನಿಂದಲೇ ಇಳಿಯಿತು ಅಂತ ಇದರಿಂದ ಹೇಳಲಾಗದು, ತರಬೇತಿಯೇ ಇಲ್ಲದ ಇನ್ನೊಂದು ಗುಂಪು ಇರಲಿಲ್ಲವಲ್ಲ. ಬರೀ ಆ್ಯಪ್ ಕೊಟ್ಟರೆ ಕೆಲಸ ಆಗುವುದಿಲ್ಲ ಅನ್ನುವುದಂತೂ ಸ್ಪಷ್ಟ. ಆದರೂ ನಮ್ಮ ಕಡೆ ವರ್ಷವರ್ಷಕ್ಕೂ ಹೊಸ ಆ್ಯಪ್ ಬರುತ್ತದೆ, ಹಳೆಯ ರಿಜಿಸ್ಟರ್ ಹೋಗುವುದಿಲ್ಲ, ಒಂದೇ ಹೆಸರನ್ನು ಎರಡೆರಡು ಕಡೆ ಬರೆದು ಮುಗಿಸುವಷ್ಟರಲ್ಲಿ ಅಜ್ಜಿಯಂಥವರ ಜೊತೆ ಮಾತಾಡುವ ಹೊತ್ತೇ ಹೋಗಿರುತ್ತದೆ.

2017ರಲ್ಲಿ ಐದು ರಾಜ್ಯಗಳಲ್ಲಿ ಶುರುವಾದ ಬಿಪಿ ನಿಯಂತ್ರಣ ಯೋಜನೆ, ಐಎಚ್‌ಸಿಐ, ಇದಕ್ಕಿಂತ ಸರಳ ದಾರಿ ಹಿಡಿಯಿತು. ಯಾವ ಮಾತ್ರೆ, ಎಷ್ಟು ಡೋಸ್ ಅಂತ ಆಯಾ ರಾಜ್ಯದ ಕೇಂದ್ರಗಳಿಗೆಲ್ಲ ಒಂದೇ ಪಟ್ಟಿ. ಡಾಕ್ಟರ್, ನರ್ಸ್, ಔಷಧಿ ಕೊಡುವವರು, ಆಶಾ, ಎಲ್ಲರಿಗೂ ಅವರವರ ಕೆಲಸ. ಮಾತ್ರೆ ಮನೆ ಹತ್ತಿರದ ಕೇಂದ್ರದಲ್ಲೇ ಸಿಗಬೇಕು. ನಮ್ಮ ಅಜ್ಜಿಗೆ ಬೇಕಿದ್ದದ್ದು ಇದೇ ಅಲ್ವಾ? ಈಗ ಸಬ್ ಸೆಂಟರ್‌ಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು, ಅಂದರೆ ಸಿಎಚ್‌ಒಗಳಿದ್ದಾರೆ, ಬಹಳಷ್ಟು ಮಂದಿ ನರ್ಸಿಂಗ್ ಓದಿದವರೇ, ಗುತ್ತಿಗೆ ಮೇಲೆ ದುಡಿಯುತ್ತಿರುವವರು. ಅವರನ್ನೂ ಸುಮ್ನೆ ಡೇಟಾ ಎಂಟ್ರಿಗೆ ಕೂರಿಸಬೇಡಿ.

ಆರೋಗ್ಯ ಇಲಾಖೆಗೆ ನಾನು ಕೇಳುವುದು ಇಷ್ಟು. ವಾರಕ್ಕೆ ಒಂದು ಮಧ್ಯಾಹ್ನ, ಅರ್ಧ ಗಂಟೆ, ಡಾಕ್ಟರ್, ಸಿಸ್ಟರ್, ಸಿಎಚ್‌ಒ, ಲ್ಯಾಬ್‌ನವರು, ಆಶಾ ಎಲ್ಲರೂ ಒಟ್ಟಿಗೆ ಕೂರಬೇಕು. ಟಾರ್ಗೆಟ್ ಮೀಟಿಂಗ್ ಬೇಡ. ಈ ವಾರ ಯಾರು ಮಾತ್ರೆಗೆ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಹೆಸರು ಹಿಡಿದು ಮಾತಾಡಬೇಕು. ಬಿಪಿ ಹತೋಟಿಯಲ್ಲಿರುವವರಿಗೆ ಅದೇ ಮಾತ್ರೆಯನ್ನು ಮತ್ತೊಂದು ತಿಂಗಳಿಗೆ ನರ್ಸೇ ಕೊಡಬಹುದು ಅಂತ ಬರಹದಲ್ಲಿ ಆದೇಶ ಇರಬೇಕು, ನಾಳೆ ಏನಾದರೂ ಆದರೆ ಅವರೊಬ್ಬರ ತಲೆಗೆ ಬರಬಾರದು.

ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ