ಐದು ವರ್ಷ, ಒಂದು ಮನೆತನ, ಒಂದು ಬುಟ್ಟಿ ಸೇಬು

ಅಂತೂ ಮುಗಿಯಿತು. ಹೋದ ವಾರ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ನನ್ನ ಪಿಎಚ್‌ಡಿ ವೈವಾ ಆಯಿತು.

"ಇನ್ನೂ ಅದೇ ರಾಜರ ಮನೆನಾ?" ಅಂತ ಕೇಳುತ್ತಿದ್ದವರಿಗೆ ಕೊನೇ ಸಲ ಹೇಳುತ್ತೇನೆ, ನಾನು ಸಂಶೋಧನೆ ಮಾಡಿದ ರಾಡ್ಜಿವಿಲ್‌ಗಳು ರಾಜರಲ್ಲ, ದೊಡ್ಡ ಸರದಾರ ಮನೆತನ. ಆದರೆ ಲಿಥುವೇನಿಯಾದ ರಾಜಕೀಯ ಅವರನ್ನು ಬಿಟ್ಟು ನಡೆಯುತ್ತಿರಲಿಲ್ಲ. ಆ ಮನೆಯಲ್ಲಿ ಒಬ್ಬ ಅಪ್ಪ ದುಡ್ಡು ಹಾಕಿ 1563ರಲ್ಲಿ ಪ್ರಾಟೆಸ್ಟೆಂಟರ ಬೈಬಲ್ ಅಚ್ಚು ಮಾಡಿಸಿದ. ಮಗ ಕ್ಯಾಥೊಲಿಕ್ ಆಗಿ ಈಗಿನ ಬೆಲಾರುಸ್‌ನ ನೆಸ್ವಿಜ್‌ನಲ್ಲಿ ಜೆಸ್ಯೂಟ್ ಪಾದ್ರಿಗಳಿಗೆ ಚರ್ಚ್ ಕಟ್ಟಿಸಿಕೊಟ್ಟ. ಇಂಥ ಮನೆಯ ಕಥೆ ಬೇಗ ಮುಗಿಯುತ್ತಾ?

ನನ್ನ ಗೈಡ್, ರಾಡ್ಜಿವಿಲ್ ಕಾಗದಗಳನ್ನು ಕಟ್ಟುಕಟ್ಟಾಗಿ ತಂದುಕೊಟ್ಟ ವಾರ್ಸಾ ಪತ್ರಾಗಾರದವರು, ಕರಡು ಓದಿದ ಗೆಳೆಯರು, ಕೇಳಿದಾಗಲೆಲ್ಲ ದುಡ್ಡು ಕಳಿಸಿದ ತಮ್ಮ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನು ನಮ್ಮ ಅಜ್ಜಿ. ನನಗೆ ರೂಮು ಬಾಡಿಗೆ ಕೊಟ್ಟವರು. ಅವರ ಮನೆಮಾತು ಪೋಲಿಷ್. ಯೂನಿವರ್ಸಿಟಿಯಲ್ಲಿ ನಾನು ಈ ಮನೆತನದ ಹೆಸರನ್ನು ಲಿಥುವೇನಿಯನ್ನರ ಹಾಗೆ 'ರಾದ್ವಿಲಾ' ಅಂತ ಕಲಿತು ಬಂದರೆ, ಊಟಕ್ಕೆ ಕೂತಾಗ ಅಜ್ಜಿ 'ರಾಡ್ಜಿವಿಲ್' ಅಂತ ತಿದ್ದುತ್ತಿದ್ದರು. ದಿನಾ.

ಒಂದು ಸೆಪ್ಟೆಂಬರ್ ರಾತ್ರಿ ಊರಲ್ಲಿ ಅಪ್ಪ ಐಸಿಯುನಲ್ಲಿದ್ದರು. ನನಗೆ ಸಿಕ್ಕ ಮೊದಲ ವಿಮಾನ ಮರುದಿನ ಬೆಳಿಗ್ಗೆಯದು. ಫೋನನ್ನು ಅಡುಗೆಮನೆ ಮೇಜಿನ ಮೇಲಿಟ್ಟು ಕೂತಿದ್ದೆ. ಅಜ್ಜಿ ಬಂದು ಒಂದು ಬುಟ್ಟಿ ಸೇಬು ಸುರಿದುಕೊಂಡರು. ಒಣಗಿಸೋಕೆ ಇವತ್ತೇ ಹೆಚ್ಚಬೇಕು, ಇಲ್ಲದಿದ್ದರೆ ಕೊಳೆಯುತ್ತೆ ಅಂದರು. ಸುಳ್ಳು. ಸೇಬು ಇನ್ನೂ ಗಟ್ಟಿಯಾಗಿತ್ತು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಸಿಪ್ಪೆ ಎಲ್ಲೂ ತುಂಡಾಗದ ಹಾಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. ಮಧ್ಯೆ ಎರಡು ಸಲ ಟೀ ಇಟ್ಟರು.

ಮೂರೂವರೆಗೆ ಫೋನ್ ಬಂತು. ಊರಲ್ಲಿ ಆಗ ಬೆಳಿಗ್ಗೆ ಆರು. ನಾನು ಕನ್ನಡದಲ್ಲಿ ಅತ್ತೆ. ಅವರಿಗೆ ಒಂದು ಪದವೂ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಚಾಕು ಕೆಳಗಿಟ್ಟು ಕೈ ಒರೆಸಿಕೊಂಡು ನನ್ನ ಬಟ್ಟೆ ಬ್ಯಾಗಿಗೆ ತುಂಬಿದರು. ಏರ್‌ಪೋರ್ಟ್‌ವರೆಗೂ ಬಂದರು, ಆ ಮಂಡಿ ನೋವಲ್ಲಿ.

ತಿಂಗಳುಗಟ್ಟಲೆ ನಿಂತೇ ಹೋಗಿದ್ದ ಅಧ್ಯಾಯ ಬಾರ್ಬರಾ ರಾಡ್ಜಿವಿಲ್‌ಳದು. ಪೋಲೆಂಡ್ ಮತ್ತು ಲಿಥುವೇನಿಯಾ ಆಳಿದ ರಾಜ ಸಿಗಿಸ್ಮಂಡ್ ಆಗಸ್ಟಸ್ ಗುಟ್ಟಾಗಿ ಮದುವೆಯಾದ ಹೆಣ್ಣು. ಅವನ ತಾಯಿ ಬೋನಾಗೆ ಈ ಸೊಸೆಯನ್ನು ಕಂಡರಾಗದು. 1550ರ ಡಿಸೆಂಬರ್‌ನಲ್ಲಿ ಕಿರೀಟ, ಮರುವರ್ಷ ಮೇ 8ಕ್ಕೆ ಸಾವು. ಕಾಯಿಲೆಯ ವಾಸನೆಗೆ ಉಳಿದವರು ಕೋಣೆಗೆ ಬರಲು ಹಿಂಜರಿದರೂ ರಾಜ ಹಾಸಿಗೆ ಪಕ್ಕ ಬಿಟ್ಟೇಳಲಿಲ್ಲವಂತೆ. ಆಮೇಲೆ ಅವಳ ಶವಪೆಟ್ಟಿಗೆಯ ಜೊತೆ ಪೋಲೆಂಡಿನ ಕ್ರಾಕೋವ್‌ನಿಂದ ವಿಲ್ನಿಯಸ್‌ಗೆ ಸುಮಾರು ಒಂದು ತಿಂಗಳ ದಾರಿ. ಇದನ್ನೆಲ್ಲ ನಾನು ರಾಜಕೀಯ ಲೆಕ್ಕಾಚಾರ ಅಂತ ಬರೆದಿಟ್ಟಿದ್ದೆ. ಊರಿಂದ ವಾಪಸ್ ಬಂದವನು ಆ ಪುಟಗಳನ್ನು ಹೊಡೆದುಹಾಕಿ ಹತ್ತು ದಿನದಲ್ಲಿ ಹೊಸದಾಗಿ ಬರೆದೆ. ಲೆಕ್ಕಾಚಾರ ಇರಲಿಲ್ಲ ಅಂತಲ್ಲ, ಇತ್ತು. ಆದರೂ ಅಷ್ಟು ದೂರ ಸುಮ್ನೆ ಯಾರೂ ಬರುವುದಿಲ್ಲ, ಅಲ್ವಾ?

ವೈವಾ ದಿನ ಅಜ್ಜಿ ಒಳ್ಳೇ ಕೋಟು ಹಾಕಿಕೊಂಡು ಕೊನೇ ಸಾಲಲ್ಲಿ ಕೂತಿದ್ದರು. ಪರೀಕ್ಷಕರು ಮೊದಲ ಪ್ರಶ್ನೆಯಲ್ಲೇ 'ರಾದ್ವಿಲಾ' ಅಂದರು. ಹಿಂದಿನಿಂದ ಸಣ್ಣಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಬಂತು: "ರಾಡ್ಜಿವಿಲ್."