ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದು

ಚಿ. ಕಾರ್ತಿಕನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೀನು ಫುಟ್‌ಬಾಲ್ ಕ್ಲಬ್ಬಿಗೆ ಸೆಲೆಕ್ಟ್ ಆದೆ ಅಂತ ನಿಮ್ಮಮ್ಮ ಫೋನ್ ಮಾಡಿದ ದಿನ ನಿಮ್ಮತ್ತೆ ಅಕ್ಕಪಕ್ಕದ ಮನೆಗೆಲ್ಲ ಸಿಹಿ ಹಂಚಿದಳು. ನನಗೂ ಖುಷಿಯೇ. ಆದರೆ ಡಿಗ್ರಿ ಬಿಡ್ತೀನಿ ಅಂದೆಯಂತೆ. ಯಾಕೋ ಅಂದರೆ, "ಅದು ದೊಡ್ಡ ಕಂಪನಿ ಕ್ಲಬ್ಬು, ಅದಕ್ಕೇನಾಗುತ್ತೆ?" ಅಂದೆಯಂತೆ. ಆ ಒಂದು ಮಾತಿಗೇ ಈ ಕಾಗದ.

ಜೆಸಿಟಿ ಅಂತ ಒಂದು ಟೀಮಿತ್ತು. ಪಂಜಾಬಿನ ಫಗ್ವಾರದ ಬಟ್ಟೆ ಗಿರಣಿಯವರದು. 1971ರಲ್ಲಿ ಶುರುವಾಯಿತು. ಕಲ್ಕತ್ತ, ಗೋವಾದವರೇ ಫುಟ್‌ಬಾಲ್ ಅಂದರೆ ತಮ್ಮದು ಅಂದುಕೊಂಡಿದ್ದ ಕಾಲದಲ್ಲಿ ಈ ಗಿರಣಿ ಟೀಮು ದೇಶದ ಹಳೇ ಫುಟ್‌ಬಾಲ್ ಪಂದ್ಯಾವಳಿಯಾದ ಡ್ಯುರಾಂಡ್ ಕಪ್ಪನ್ನೇ ಐದು ಸಲ ಹೊತ್ತುಕೊಂಡು ಹೋಯಿತು. 1996-97ರಲ್ಲಿ ದೇಶಕ್ಕೆ ಮೊದಲ ಸಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಬಂತಲ್ಲ, ಮೊದಲ ಚಾಂಪಿಯನ್ನೂ ಇವರೇ. ಕೋಚ್ ಸುಖ್ವಿಂದರ್ ಸಿಂಗ್. ಕೇರಳದ ವಿಜಯನ್ ಇದ್ದರು, ಸಿಕ್ಕಿಮ್‌ನಿಂದ ಬಂದ ಭೂಟಿಯಾ ಇದ್ದ. ಆ ಸೀಸನ್ನಿನಲ್ಲಿ ಭೂಟಿಯಾ ಹೊಡೆದದ್ದು 14 ಗೋಲು, ಲೀಗಿನಲ್ಲೇ ಜಾಸ್ತಿ. ವಿಜಯನ್ ಚೆಂಡು ಹಿಡಿದರೆ ಎದುರಿನವನು ಯಾವ ಕಡೆ ವಾಲಬೇಕೋ ತಿಳಿಯದೆ ನಿಂತುಬಿಡುತ್ತಿದ್ದ. ಆ ಆಟ ಇವತ್ತಿನವರಲ್ಲಿ ನನಗೆ ಕಾಣುವುದಿಲ್ಲ. ಮುದುಕನ ಮಾತು ಅಂತ ನಗು, ಪರವಾಗಿಲ್ಲ.

ನಿನ್ನ ರೂಮಿನ ಗೋಡೆ ಮೇಲೆ ಬೆಂಗಳೂರು ಎಫ್‌ಸಿ ಜೆರ್ಸಿಯಲ್ಲಿ ನಿಂತಿದ್ದಾರಲ್ಲ ಸುನಿಲ್ ಛೆಟ್ರಿ, ಅವರೂ 2005ರಿಂದ 2008ರವರೆಗೆ ಅದೇ ಫಗ್ವಾರದ ಟೀಮಿನಲ್ಲಿ ಆಡಿದವರು. 2006-07ರ ಲೀಗಿನಲ್ಲಿ ಜೆಸಿಟಿ ಎರಡನೇ ಸ್ಥಾನ. ಅದಾಗಿ ನಾಲ್ಕೇ ವರ್ಷಕ್ಕೆ, ಆ ಲೀಗಿನ ಜಾಗಕ್ಕೆ ಬಂದ ಐ-ಲೀಗಿನಿಂದ ಕೆಳಗಿಳಿಯಿತು. 2011ರ ಜೂನ್‌ನಲ್ಲಿ ಮಾಲೀಕರು ಟೀಮನ್ನೇ ಮುಚ್ಚಿಬಿಟ್ಟರು. ಟಿವಿಯಲ್ಲಿ, ಪೇಪರಿನಲ್ಲಿ ಕಾಣದ ಆಟಕ್ಕೆ ಕಂಪನಿ ದುಡ್ಡು ಹಾಕಿ ಏನು ಬಂತು, ಅನ್ನೋದು ಅವರ ಲೆಕ್ಕ. ಅವರ ಕಡೆಯಿಂದ ನೋಡಿದರೆ ತಪ್ಪಿಲ್ಲ ಬಿಡು, ಬಟ್ಟೆ ಮಾರುವವರು ಅವರು. ಅದರ ಹಿಂದಿನ ವರ್ಷ ಮುಂಬೈಯ ಮಹೀಂದ್ರ ಯುನೈಟೆಡ್ ಕತೆಯೂ ಹೀಗೇ ಮುಗಿದಿತ್ತು. ಅದು 2005-06ರ ಚಾಂಪಿಯನ್ ಟೀಮು. ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಬಂದ ಮೇಲೂ ಅದರ ಪುಣೆ ಸಿಟಿ ಟೀಮು 2019ರಲ್ಲಿ ಬಾಗಿಲು ಹಾಕಿತು. ಗೆದ್ದ ಕಪ್ಪು ಯಾರನ್ನೂ ಉಳಿಸಲಿಲ್ಲ ಕಣೋ.

ನನ್ನದೂ ಹೇಳ್ತೀನಿ. ನಾನು ಫ್ಯಾಕ್ಟರಿ ಟೀಮಿಗೆ ಲೆಫ್ಟ್ ಬ್ಯಾಕ್ ಆಡುತ್ತಿದ್ದದ್ದು ನಿನಗೆ ಗೊತ್ತು. ನಿಂತದ್ದು ಹೇಗೆ ಅಂತ ಯಾವತ್ತೂ ಹೇಳಿಲ್ಲ. ಒಂದು ಸೋಮವಾರ ನೋಟಿಸ್ ಬೋರ್ಡಿನಲ್ಲಿ, ಕ್ಯಾಂಟೀನ್ ತಿಂಡಿ ಪಟ್ಟಿ ಪಕ್ಕದಲ್ಲಿ, ಅರ್ಧ ಹಾಳೆ ಅಂಟಿಸಿದ್ದರು. ಇನ್ನು ಟೀಮು ಇಲ್ಲ, ಬೂಟು, ಜೆರ್ಸಿ ಶುಕ್ರವಾರದೊಳಗೆ ವಾಪಸ್ ಕೊಡಬೇಕು. ಬೂಟು ತೊಳೆದು ಕೊಟ್ಟೆ. ಲೇಸು ಮಾತ್ರ ಬಿಚ್ಚಿ ಇಟ್ಟುಕೊಂಡೆ, ಅದು ನನ್ನ ದುಡ್ಡಿನದು. ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಸ್ಟೋರ್ಸ್‌ನಲ್ಲಿ ಹೋಗಿ ಕೂತೆ. ಮನಸ್ಸು ಕೆಟ್ಟಿತ್ತು, ಸಂಬಳ ಕೆಡಲಿಲ್ಲ. ಯಾಕೆಂದರೆ ನಾನು ಅಲ್ಲಿ ಕೆಲಸಗಾರ, ಆಮೇಲೆ ಆಟಗಾರ. ನಿನಗೆ ಕೊಡುತ್ತಿರುವುದು ಕೆಲಸವಲ್ಲ, ಎರಡು ವರ್ಷದ ಕಾಂಟ್ರಾಕ್ಟ್ ಕಾಗದ.

ಆಡಬೇಡ ಅಂತ ನಾನು ಹೇಳಲ್ಲ. ಹದಿನೆಂಟಕ್ಕೆ ಆಡದೆ ಇನ್ಯಾವಾಗ ಆಡ್ತೀಯ? ಕಾಲೇಜಿಗೆ ಹೋಗೋಕೆ ಆಗದಿದ್ದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಕಟ್ಟು. ಬಸ್ಸಿನಲ್ಲಿ, ಹೋಟೆಲ್ ರೂಮಿನಲ್ಲಿ ಆಟಗಾರರಿಗೆ ಎಷ್ಟು ಹೊತ್ತು ಸುಮ್ನೆ ಹೋಗುತ್ತೆ ಅಂತ ನನಗೆ ಗೊತ್ತು. ಮೊದಲ ಸಂಬಳದಲ್ಲಿ ಬೈಕ್ ತಗೋಬೇಡ.

ಕಾಂಟ್ರಾಕ್ಟಿನಲ್ಲಿ ಮೊದಲು ಸಂಬಳ ನೋಡಬೇಡ. ಮಂಡಿ ಹೋದರೆ ಆಪರೇಷನ್ ಖರ್ಚು ಯಾರದು, ಆಡದೆ ಕೂತ ತಿಂಗಳು ದುಡ್ಡು ಬರುತ್ತಾ, ನಡುವೆ ಕ್ಲಬ್ಬು ಮುಚ್ಚಿದರೆ ಉಳಿದ ತಿಂಗಳ ಸಂಬಳ ಕೊಡ್ತಾರಾ, ಬೇರೆ ಟೀಮಿಗೆ ಹೋಗೋಕೆ ಬಿಡ್ತಾರಾ, ಇವನ್ನು ಹುಡುಕು. ಬರೆದಿಲ್ಲ ಅಂದರೆ ಬರೆಸಿಕೊಡಿ ಅಂತ ಕೇಳು. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅದನ್ನೂ ನನಗೆ ಹೇಳು.

ಭಾನುವಾರ ಆ ಕಾಗದ ತಗೊಂಡು ಬಾ, ಇಬ್ಬರೂ ಕೂತು ಓದೋಣ. ಲೇಸು ಇನ್ನೂ ಟ್ರಂಕಿನಲ್ಲೇ ಇದೆ, ಬೇಕಾದರೆ ತಗೊಂಡು ಹೋಗು.

ನಿನ್ನ ಮಾವ