ಶಾರ್ಕ್ ಹಿಡಿದು ಬಿಟ್ರೆ ಸಾಕಾಗಲ್ಲ, ನೀರಲ್ಲೇ ಬಿಡಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ ಪೇಪರ್‌ನಲ್ಲಿ ಫ್ಲೋರಿಡಾ ಬೀಚ್‌ನ ಒಂದು ಫೋಟೋ ಬಂದಿತ್ತು, ದೊಡ್ಡ ಹ್ಯಾಮರ್‌ಹೆಡ್ ಶಾರ್ಕ್ (ಸುತ್ತಿಗೆ ಆಕಾರದ ತಲೆ ಇರೋದು) ಒಣ ಮರಳ ಮೇಲೆ ಬಿದ್ದಿದೆ, ಅದರ ಬೆನ್ನ ಮೇಲೆ ಒಬ್ಬ ಆ ಕಡೆ ಈ ಕಡೆ ಕಾಲು ಹಾಕ್ಕೊಂಡು ಕೂತು ನಗ್ತಾ ಇದಾನೆ, ಕೆಳಗೆ 'ಶಾರ್ಕ್ ಹಿಡಿದು ಮತ್ತೆ ಸಮುದ್ರಕ್ಕೆ ಬಿಟ್ಟ ಸಾಹಸಿ' ಅಂತ ಇತ್ತು. ಅದನ್ನ ಬರೆದವರ ಮೇಲೆ ನಂಗೆ ಕೋಪ ಇಲ್ಲ, ಬಿಟ್ಟ ಅಂದ್ಮೇಲೆ ಒಳ್ಳೇದೇ ಆಯ್ತಲ್ಲ ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ನಾನಿರೋದು ಅದೇ ಫ್ಲೋರಿಡಾದ ಟ್ಯಾಂಪಾದಲ್ಲಿ, ಇಲ್ಲಿ ದಡದಿಂದ ಶಾರ್ಕ್‌ಗೆ ಗಾಳ ಹಾಕೋ ಸ್ನೇಹಿತರ ಜೊತೆ ರಾತ್ರಿ ಬೀಚ್‌ನಲ್ಲಿ ಕೂತು ನೋಡಿದೀನಿ, ಅದಕ್ಕೇ ಹೇಳ್ತೀನಿ, ಆ ಮೀನಿನ ಹಣೆಬರಹ ಹೆಚ್ಚುಕಮ್ಮಿ ಫೋಟೋ ತೆಗೆಯೋ ಹೊತ್ತಿಗೇ ತೀರ್ಮಾನ ಆಗಿಹೋಗಿರುತ್ತೆ.

ಊರಲ್ಲಿರೋ ಓದುಗರಿಗೋಸ್ಕರ ಇದು ಹೆಂಗೆ ನಡೆಯುತ್ತೆ ಅಂತ ಸ್ವಲ್ಪ ಹೇಳ್ತೀನಿ. ಸಂಜೆ ಸ್ನಾನಕ್ಕೆ ಬಂದ ಜನ ಎಲ್ಲಾ ಖಾಲಿಯಾದ್ಮೇಲೆ ಇವರು ಬರ್ತಾರೆ. ಎರೆ ಅಂದ್ರೆ ತೊರಕೆ ಮೀನಿನ ತುಂಡೋ, ಬೊನಿಟೋನೋ, ಜ್ಯಾಕ್ ಮೀನೋ, ಅಷ್ಟು ಭಾರದ್ದನ್ನ ಕೈಯಲ್ಲಿ ಬೀಸಿ ಎಸೆಯಕ್ಕೆ ಆಗಲ್ಲ, ಅದಕ್ಕೇ ಒಬ್ಬ ಕಯಾಕ್ ಹತ್ತಿ ಅಲೆ ದಾಟ್ಕೊಂಡು ದೂರ ಹೋಗಿ ಎರೆ ಇಳಿಸಿ ವಾಪಸ್ ಬರ್ತಾನೆ. ಗಾಳದ ರಾಡ್‌ನ ಮರಳಲ್ಲಿ ನೆಟ್ಟ ಪೈಪ್‌ಗೆ ಸಿಕ್ಕಿಸಿ ಕಾಯೋದು. ಎಷ್ಟೋ ರಾತ್ರಿ ಏನೂ ಆಗಲ್ಲ. ಆದ್ರೆ ಗಾಳದ ದಾರ ಸುತ್ತಿರೋ ರೀಲ್ ಒಂದ್ಸಲ ಕರ್ರ್ ಅಂತ ಕಿರುಚಕ್ಕೆ ಶುರು ಮಾಡ್ತು ಅಂದ್ರೆ ಎಲ್ರೂ ಎದ್ದು ಓಡ್ತಾರೆ, ಒಬ್ಬ ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ರಾಡ್ ಹಿಡೀತಾನೆ, ಆ ಕಡೆಯಿಂದ ಎಳೀತಿರೋ ಶಕ್ತಿ ನೋಡಿದ್ರೆ ಮೈ ಜುಮ್ ಅನ್ನುತ್ತೆ. ಇದ್ರಲ್ಲಿರೋ ಖುಷಿ ನಂಗೆ ಅರ್ಥ ಆಗುತ್ತೆ, ಈ ಹವ್ಯಾಸಾನೇ ನಿಲ್ಲಿಸ್ಬೇಕು ಅಂತ ನಾನು ಬರೀತಿಲ್ಲ.

ವಿಷಯ ಏನಂದ್ರೆ ಶಾರ್ಕ್ ಮೈಯೊಳಗೆ ನಮ್ ಥರ ಮೂಳೆ ಇಲ್ಲ, ಎಲ್ಲಾ ಮೃದ್ವಸ್ಥಿ, ಒಳಗಿನ ಅಂಗಾಂಗ ಕಾಪಾಡೋ ಗಟ್ಟಿ ಎದೆಗೂಡೂ ಇಲ್ಲ. ನೀರಲ್ಲಿ ಇರೋತನಕ ನೀರೇ ಅದರ ಭಾರ ಹೊತ್ಕೊಂಡಿರುತ್ತೆ, ಮರಳ ಮೇಲೆ ಎಳೆದು ಹಾಕಿದ್ರೆ ಅದರ ತೂಕ ಅದರ ಹೊಟ್ಟೆನೇ ಒತ್ತುತ್ತೆ, ಮೇಲಿಂದ ಒಬ್ಬ ಹೋಗಿ ಕೂತ್ರೆ ಕೇಳ್ಬೇಕಾ. ಕಿವಿರಿನ ಮೇಲೆ ನೀರು ಹರೀದೇ ಇದ್ರೆ ಉಸಿರೂ ಇಲ್ಲ. ಇದ್ರಲ್ಲೂ ಎಲ್ಲಾ ಜಾತಿ ಒಂದೇ ಅಲ್ಲ, ನರ್ಸ್ ಶಾರ್ಕ್, ಲೆಮನ್ ಶಾರ್ಕ್ ಇವೆಲ್ಲ ತಳದಲ್ಲಿ ಸುಮ್ನೆ ಮಲಗಿದ್ರೂ ಬಾಯಿಂದ ನೀರು ಎಳ್ಕೊಂಡು ಉಸಿರಾಡ್ತವೆ, ಗಟ್ಟಿ ಜೀವ. ಹ್ಯಾಮರ್‌ಹೆಡ್ ಹಂಗಲ್ಲ, ಅದು ಮುಂದಕ್ಕೆ ಈಜ್ತಾನೇ ಇರ್ಬೇಕು, ಗಾಳಕ್ಕೆ ಸಿಕ್ಕರೆ ಶಕ್ತಿ ಪೂರ್ತಿ ಮುಗಿಯೋತನಕ ಹೋರಾಡುತ್ತೆ, ಸ್ನಾಯು ಮಿತಿಮೀರಿ ದುಡಿದಾಗ ಹುಟ್ಟೋ ಲ್ಯಾಕ್ಟೇಟ್ ರಕ್ತದಲ್ಲಿ ವಿಪರೀತ ಏರುತ್ತೆ. ಮಯಾಮಿ ಯೂನಿವರ್ಸಿಟಿಯ ಸಂಶೋಧಕರು ಬೇರೆ ಬೇರೆ ಜಾತಿ ಶಾರ್ಕ್‌ಗಳ ರಕ್ತ ಪರೀಕ್ಷೆ ಮಾಡಿ, ಕೆಲವಕ್ಕೆ ಸ್ಯಾಟಲೈಟ್ ಟ್ಯಾಗ್ ಹಾಕಿ ಬಿಟ್ಟು 2014ರಲ್ಲಿ ವರದಿ ಕೊಟ್ರು, ಟೈಗರ್ ಶಾರ್ಕ್ ಚೆನ್ನಾಗಿ ಬದುಕುತ್ತೆ, ಹ್ಯಾಮರ್‌ಹೆಡ್‌ಗಳಲ್ಲೇ ದೊಡ್ಡದಾದ ಗ್ರೇಟ್ ಹ್ಯಾಮರ್‌ಹೆಡ್ ಎಲ್ಲಕ್ಕಿಂತ ಕಷ್ಟದಲ್ಲಿರೋದು ಅಂತ. ಬಿಟ್ಟ ತಕ್ಷಣ ಬಾಲ ಆಡಿಸ್ಕೊಂಡು ಹೋಯ್ತು ಅಂತ ದಡದಲ್ಲಿರೋರು ಚಪ್ಪಾಳೆ ಹೊಡೀತಾರೆ, ವಿಡಿಯೋ ಅಲ್ಲಿಗೆ ಮುಗಿಯುತ್ತೆ, ಆಮೇಲೆ ಆಳದಲ್ಲಿ ಏನಾಯ್ತು ಅನ್ನೋದು ಯಾರ ಫೋನಲ್ಲೂ ಬರಲ್ಲ.

ಇದು ಸಾಮಾನ್ಯ ಮೀನೂ ಅಲ್ಲ ಸಾರ್. ಗ್ರೇಟ್ ಹ್ಯಾಮರ್‌ಹೆಡ್‌ನ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ 2019ರಲ್ಲಿ ತೀವ್ರ ಅಪಾಯದಲ್ಲಿರೋ ಜಾತಿ ಅಂತ ಪಟ್ಟಿಗೆ ಸೇರಿಸಿದೆ, ಫ್ಲೋರಿಡಾದಲ್ಲಿ 2012ರಿಂದಲೇ ಅದನ್ನ ಹಿಡಿದು ಇಟ್ಕೊಳ್ಳೋ ಹಾಗಿಲ್ಲ. ಎರಡು ವರ್ಷಕ್ಕೊಮ್ಮೆ ಮರಿ ಹಾಕುತ್ತೆ, ಹೊಟ್ಟೇಲಿ ಹೆಚ್ಚುಕಮ್ಮಿ 11 ತಿಂಗಳು ಹೊತ್ಕೊಂಡಿರುತ್ತೆ. ಈ ನಿಷೇಧ ಬರೋಕೆ ಮುಂಚೆ, 2006ರಲ್ಲಿ, ಇಲ್ಲಿಂದ ದಕ್ಷಿಣಕ್ಕಿರೋ ಬೋಕಾ ಗ್ರಾಂಡೆ ಹತ್ರ ದೋಣಿಯಿಂದ ಹಿಡಿದ ಒಂದು ಹೆಣ್ಣು 580 ಕೆಜಿ ತೂಗ್ತು, ವಿಶ್ವದಾಖಲೆ. ಆಮೇಲೆ ಲ್ಯಾಬ್‌ನಲ್ಲಿ ಕುಯ್ದು ನೋಡಿದ್ರೆ ಹೊಟ್ಟೇಲಿ 55 ಮರಿ ಇದ್ವು. ಅಷ್ಟು ದೊಡ್ಡ ಹೆಣ್ಣು ದಡಕ್ಕೆ ಬಂದಾಗ ಅದು ಬಸುರಿನಾ ಅಂತ ಹೊರಗಿಂದ ನೋಡಿ ಎಲ್ಲಾ ಸಲ ಗೊತ್ತಾಗಲ್ಲ. ನಿಮ್ ಫೋಟೋ ನೋಡಿದಾಗ ನಂಗೆ ಮೊದಲು ಬಂದ ಯೋಚನೆ ಇದೇ.

ಫ್ಲೋರಿಡಾ ಫಿಶ್ ಅಂಡ್ ವೈಲ್ಡ್‌ಲೈಫ್ ಕನ್ಸರ್ವೇಶನ್ ಕಮಿಷನ್ ಅಂತ ಇದೆ, ಅವರು 2019ರ ಜುಲೈ 1ರಿಂದ ದಡದ ಶಾರ್ಕ್ ಮೀನುಗಾರಿಕೆಗೆ ಬೇರೆ ನಿಯಮಾನೇ ತಂದ್ರು. ನಿಷೇಧಿತ ಜಾತಿ ಸಿಕ್ಕಿದ್ರೆ ನೀರಿಂದ ಆಚೆ ತರೋ ಹಾಗಿಲ್ಲ, ಕಿವಿರು ಮುಳುಗೇ ಇರ್ಬೇಕು. ಹುಕ್ ತೆಗೆಯಕ್ಕೆ ತಡ ಆಗುತ್ತೆ ಅಂದ್ರೆ ಹುಕ್‌ಗೆ ಕಟ್ಟಿರೋ ವೈರ್‌ನೋ ಹುಕ್‌ನೋ ಕತ್ತರಿಸಿ ತಕ್ಷಣ ಬಿಡ್ಬೇಕು, ಅಳತೆ ಫೋಟೋ ಅಂತ ಕಾಯಿಸೋ ಹಾಗಿಲ್ಲ, ಕತ್ತರಿಸೋ ಸಾಮಾನು ಕೈಯಲ್ಲಿ ಇರ್ಲೇಬೇಕು. ಮೀನಿನ ಎರೆ ಹಾಕಿದ್ರೆ ತುದಿ ಒಳಕ್ಕೆ ಬಾಗಿರೋ ಸರ್ಕಲ್ ಹುಕ್ಕೇ ಆಗ್ಬೇಕು, ಅದು ಗಂಟಲೊಳಗೆ ಇಳೀದೆ ಬಾಯಿ ಮೂಲೇಲಿ ಸಿಕ್ಕಿಕೊಳ್ಳುತ್ತೆ, ಸ್ಟೇನ್‌ಲೆಸ್ ಸ್ಟೀಲ್ ಬೇಡ, ಯಾಕಂದ್ರೆ ಉಳಿದುಹೋದ ಹುಕ್ ತುಕ್ಕು ಹಿಡಿದು ಉದುರಿಹೋಗ್ಬೇಕು. ಬೀಚ್‌ನಿಂದ ರಕ್ತ, ಮೀನಿನ ಚೂರು ನೀರಿಗೆ ಸುರಿದು ಶಾರ್ಕ್ ಕರೆಯೋದೂ ನಿಷೇಧ. ಅಂದ್ರೆ ನೀವು ಹಾಕಿದ ಫೋಟೋ ಈ ನಿಯಮ ಬಂದ್ಮೇಲಿನದ್ದಾದ್ರೆ ಅದು ಸಾಹಸ ಅಲ್ಲ, ಕಾನೂನು ಮುರಿದಿದ್ದು.

ಸರಿಯಾಗಿ ಮಾಡೋರನ್ನೂ ನೋಡಿದೀನಿ, ಅದನ್ನೂ ಹೇಳ್ಲೇಬೇಕು. ಒಂದು ರಾತ್ರಿ ನನ್ ಸ್ನೇಹಿತನ ಗಾಳಕ್ಕೆ ಹ್ಯಾಮರ್‌ಹೆಡ್ ಬಂತು, ಅವನು ಹಿಡೀಬೇಕು ಅಂತಿದ್ದಿದ್ದು ಬುಲ್ ಶಾರ್ಕ್. ನೀರ ಮೇಲೆ ಆ ಎತ್ತರದ ರೆಕ್ಕೆ ಕಂಡಿದ್ದೇ ತಡ, ಗೊತ್ತಾಯ್ತು. ಹೆಡ್‌ಲ್ಯಾಂಪ್ ಬೆಳಕಲ್ಲಿ ಒಬ್ಬ ತೊಡೆ ಮಟ್ಟ ನೀರಿಗೆ ಇಳಿದು ವೈರ್ ಹಿಡ್ಕೊಂಡ, ಇನ್ನೊಬ್ಬ ಬೋಲ್ಟ್ ಕಟರ್ ತಗೊಂಡು ಬಾಯಿ ಹತ್ರಾನೇ ಹುಕ್ ಕಟ್ ಮಾಡ್ದ, ಟಕ್ ಅಂತ ಶಬ್ದ ಬಂತು, ಮೀನಿನ ತಲೆ ಸಮುದ್ರದ ಕಡೆ ತಿರುಗಿಸಿ ಮುಂದಕ್ಕೆ ನಡೆಸ್ಕೊಂಡು ಹೋದ್ರು, ಅಷ್ಟೇ, ಹೋಯ್ತು. ಒಂದು ಫೋಟೋನೂ ಇಲ್ಲ. ಅದು ಬದುಕಿರುತ್ತೆ ಅಂತ ನಾನು ನಂಬ್ತೀನಿ, ಯಾಕಂದ್ರೆ ರಾಡೂ ರೀಲೂ ಭಾರೀದು, ಬೇಗ ದಡಕ್ಕೆ ತಂದ್ರು, ಗಂಟೆಗಟ್ಲೆ ಆಟ ಆಡಿಸ್ಲಿಲ್ಲ. ಸಣ್ಣ ರಾಡ್‌ನಲ್ಲಿ ದೊಡ್ಡ ಶಾರ್ಕ್ ಹಿಡಿದೆ ಅಂತ ಹೇಳ್ಕೊಳ್ಳೋರು ಮೀನಿಗೆ ಎಷ್ಟು ಕಷ್ಟ ಕೊಟ್ವಿ ಅಂತ ಯೋಚ್ನೆ ಮಾಡಲ್ಲ.

ಇನ್ನೊಂದು ಸಲ ಬೇರೆ ಗುಂಪು, ಟೂರಿಸ್ಟ್‌ಗಳ ಹತ್ರ ದುಡ್ಡು ತಗೊಂಡು ಶಾರ್ಕ್ ಹಿಡಿಸೋರು. ಬಾಲಕ್ಕೆ ಹಗ್ಗ ಹಾಕಿ ಅಲೆ ಮುಟ್ಟದ ಜಾಗದ ತನಕ ಎಳ್ಕೊಂಡು ಬಂದ್ರು, ಒಬ್ಬೊಬ್ರೇ ಬಂದು ಪಕ್ಕದಲ್ಲಿ ಮಲಗಿ ಫೋಟೋ, ಮಕ್ಕಳ ಜೊತೆ ಫೋಟೋ, ಮತ್ತೆ ಫ್ಲ್ಯಾಶ್ ಸರಿಯಾಗಿಲ್ಲ ಅಂತ ಇನ್ನೊಂದು, ಅಷ್ಟು ಹೊತ್ತೂ ಕಿವಿರಿನ ಸೀಳುಗಳು ಬಿಚ್ಚಿ ಮುಚ್ಚಿ ಮಾಡ್ತಾ ಅದರೊಳಗೆ ಮರಳು ಮೆತ್ಕೊಂಡಿತ್ತು. ಆಮೇಲೆ ಬಾಲ ಹಿಡಿದು ಹಿಂದಕ್ಕೇ ಎಳ್ಕೊಂಡು ಹೋಗಿ ನೀರಿಗೆ ಬಿಟ್ರು. ನಾನು ಹೋಗಿ ಹೇಳಿದ್ದಕ್ಕೆ, ಬಿಡ್ತಾ ಇದೀವಲ್ಲ ಇನ್ನೇನು ಬೇಕು ಅಂದ್ರು.

ಈ ಮಾತು ಕೇಳಿದಾಗೆಲ್ಲಾ ನಂಗೆ ಗುಜರಾತ್‌ನ ಮೀನುಗಾರರು ನೆನಪಾಗ್ತಾರೆ. ಸೌರಾಷ್ಟ್ರದ ಕಡಲಲ್ಲಿ ಮುಂಚೆ ತಿಮಿಂಗಿಲ ಶಾರ್ಕ್‌ನ ಎಣ್ಣೆಗೋಸ್ಕರ ಕೊಲ್ತಿದ್ರು, ಆ ಎಣ್ಣೆ ದೋಣಿಗೆ ಬಳೀತಿದ್ರು. 2001ರಲ್ಲಿ ಅದನ್ನ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರೋ ಶೆಡ್ಯೂಲ್ ಒಂದಕ್ಕೆ ಸೇರಿಸಿದ್ರು, 2004ರಲ್ಲಿ ರಾಮಕಥೆ ಹೇಳೋ ಮೊರಾರಿ ಬಾಪು ಅವರು ಅದು ಹೆರಿಗೆಗೆ ತವರಿಗೆ ಬರೋ ಮಗಳ ಥರ ಅಂತ ಊರೂರಲ್ಲಿ ಹೇಳಿದ್ರು. ಆಮೇಲೆ ಅದೇ ಮೀನುಗಾರರು, ಬಲೆಗೆ ತಿಮಿಂಗಿಲ ಶಾರ್ಕ್ ಸಿಕ್ಕಿದ್ರೆ ತಮ್ಮ ಬಲೆನೇ ಕತ್ತರಿಸಿ ಬಿಡಕ್ಕೆ ಶುರು ಮಾಡಿದ್ರು, ಸರ್ಕಾರ ಬಲೆಗೆ ಪರಿಹಾರ ಕೊಡುತ್ತೆ ನಿಜ, ಆದ್ರೂ ಆವತ್ತಿನ ಮೀನು, ಆವತ್ತಿನ ದುಡಿಮೆ ಹೋಯ್ತಲ್ಲ. ಹೊಟ್ಟೆಪಾಡಿಗೆ ಕಡಲಿಗೆ ಇಳಿಯೋರು ಬಲೆ ಕತ್ತರಿಸ್ತಾರೆ ಅಂದ್ಮೇಲೆ ಹವ್ಯಾಸಕ್ಕೆ ಬಂದೋರು ಒಂದು ಹುಕ್ ಕತ್ತರಿಸಕ್ಕೆ ಯಾಕೆ ಹಿಂದೆಮುಂದೆ ನೋಡ್ಬೇಕು?

ನಾನು ಮಲ್ಪೆ ಕಡೆಯವನು, ಬಂದರಿನಲ್ಲಿ ತಾಟೆ ಮೀನು (ಶಾರ್ಕ್‌ಗೆ ನಮ್ ಕಡೆ ಹೇಳೋ ಹೆಸರು) ಹರಾಜಾಗೋದು ನೋಡ್ತಾನೇ ಬೆಳೆದಿದ್ದು, ನಮ್ಮನೇಲಿ ಬಾಣಂತಿಗೆ ಸಣ್ಣ ತಾಟೆ ಸಾರು ಮಾಡಿ ಕೊಡ್ತಿದ್ರು. ತಿನ್ನೋಕೆ ಹಿಡಿಯೋದು ಬೇರೆ ಚರ್ಚೆ, ಅದಕ್ಕೆ ಅದರದ್ದೇ ಸರಿ ತಪ್ಪು ಇದೆ. ಬಿಡ್ತೀನಿ ಅಂತ ಹೇಳಿ ಹಿಡಿಯೋರ ಮೇಲೆ ಮಾತ್ರ ಒಂದು ಜವಾಬ್ದಾರಿ ಹೆಚ್ಚಿಗೆ ಇದೆ, ಆ ಮೀನು ನಿಜವಾಗ್ಲೂ ಬದುಕೋ ಹಾಗೆ ಬಿಡ್ಬೇಕು. ಪೇಪರ್‌ನೋರಿಗೂ ಅದೇ ವಿನಂತಿ, ಒಣ ಮರಳ ಮೇಲೆ ಎಳೆದು ಹಾಕಿರೋ ಶಾರ್ಕ್ ಫೋಟೋ ಏಜೆನ್ಸಿಯಿಂದ ಬಂದ್ರೂ ದಯವಿಟ್ಟು ಹಾಕ್ಬೇಡಿ. ಅಂಥ ಫೋಟೋಗೆ ಸಿಗೋ ಹೊಗಳಿಕೆ ನೋಡಿನೇ ಇನ್ನೊಬ್ಬ ಹೋಗಿ ಅದೇ ಕೆಲಸ ಮಾಡೋದು.

ಇಲ್ಲಿಗೆ ಬರೋ ನಮ್ ಕನ್ನಡದ ಹುಡುಗರೂ ಈ ಶಾರ್ಕ್ ಟ್ರಿಪ್‌ಗೆ ಹೋಗಕ್ಕೆ ಶುರು ಮಾಡಿದಾರೆ, ಅವರಿಗೆ ಒಂದು ಮಾತು. ದಡದಿಂದ ಶಾರ್ಕ್‌ಗೆ ಗಾಳ ಹಾಕ್ಬೇಕು ಅಂದ್ರೆ 16 ವರ್ಷ ತುಂಬಿದ ಎಲ್ರಿಗೂ ಬೇರೆ ಪರ್ಮಿಟ್ ಬೇಕು, ದುಡ್ಡಿಲ್ಲ, ಪ್ರತಿ ವರ್ಷ ತಗೋಬೇಕು, ಅದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ಒಂದು ಕೋರ್ಸ್ ಇದೆ, ಅದನ್ನ ಸ್ಕಿಪ್ ಮಾಡ್ದೆ ಪೂರ್ತಿ ಓದಿ, ಯಾವ ಶಾರ್ಕ್ ಯಾವುದು ಅಂತ ಗುರುತು ಹಿಡಿಯೋದು ಅದ್ರಲ್ಲೇ ಇದೆ. ನಾನು ಶಾರ್ಕ್‌ಗೆ ಅಂತ ಹಾಕಿಲ್ಲ ಅನ್ನೋ ಮಾತು ನಡೆಯಲ್ಲ, ನಾಲ್ಕು ಅಡಿ ಅಥವಾ ಅದಕ್ಕಿಂತ ಉದ್ದದ ಲೋಹದ ವೈರ್ ಹಾಕಿದ್ರೂ ಪರ್ಮಿಟ್ ಬೇಕೇ ಬೇಕು. ಮತ್ತೆ ಬೋಲ್ಟ್ ಕಟರ್‌ನ ಸಾಮಾನಿನ ಡಬ್ಬಿಯೊಳಗೆ ಇಡ್ಬೇಡಿ, ನೀರಿಗೆ ಇಳಿಯೋನ ಸೊಂಟದಲ್ಲೇ ಇರ್ಲಿ, ಕತ್ತಲಲ್ಲಿ ಅದನ್ನ ಹುಡುಕ್ತಾ ನಿಂತ್ರೆ ಅಷ್ಟು ಹೊತ್ತೂ ಮೀನು ಅಲ್ಲೇ ಒದ್ದಾಡ್ತಿರುತ್ತೆ.

ಇಂತಿ,
ನಿಮ್ಮ ಓದುಗ, ಟ್ಯಾಂಪಾ, ಫ್ಲೋರಿಡಾ